ಡ್ರೈವರ್ ಕಾಕಾ ಕಲಿಸಿದ ಮೂರು ಗೆರೆ

ಡ್ರೈವರ್ ಕಾಕಾ ಅವರ ಎರಡು ಕೈಗಳು ಇಬ್ಬರು ಬೇರೆ ಬೇರೆ ಮನುಷ್ಯರ ಕೈಗಳಂತಿದ್ದವು. ಎಡಗೈ ಗೋಧಿ ಬಣ್ಣದ್ದು. ಬಲಗೈ ಮೊಣಕೈಯಿಂದ ಕೆಳಗೆ ಸೀದ ರೊಟ್ಟಿಯಷ್ಟು ಕಪ್ಪು. ನೀರಾವರಿ ಇಲಾಖೆಯ ಜೀಪಿನ ಕಿಟಕಿಯ ಮೇಲೆ ಮೂವತ್ತೊಂದು ವರ್ಷ ಬಿಸಿಲಿಗೆ ಇಟ್ಟ ಕೈ ಅದು. ನಿವೃತ್ತರಾಗಿ ಐದು ವರ್ಷವಾಗಿದ್ದರೂ ಹಳೆಯ ಬಣ್ಣ ಮರಳಿರಲಿಲ್ಲ. ಬಲಗೈ ಎತ್ತಿ "ಇದು ಸರಕಾರಿ ಕೈ" ಎನ್ನುತ್ತಿದ್ದರು. ಎಡಗೈ ತೋರಿಸಿ, "ಇದೊಂದು ನಿಮ್ಮ ಕಾಕಿ ಪಾಲಿಗಿ ಉಳದದ ನೋಡು."

ಶಹಾಪುರದಲ್ಲಿ ನಮ್ಮ ಮನೆಯಿಂದ ಎರಡು ಮನೆ ಬಿಟ್ಟು ಅವರ ಮನೆ. ನೌಕರಿಯ ಕಾಲವನ್ನೆಲ್ಲ ನಾರಾಯಣಪುರದ ಕ್ವಾರ್ಟರ್ಸ್‌ನಲ್ಲಿ ಕಳೆದು ಇಲ್ಲಿಗೆ ಬಂದಿದ್ದರು. ಮಗ ಅದೇ ಇಲಾಖೆ ಸೇರಿ ಅಲ್ಲೇ ಉಳಿದಿದ್ದ. ಯಾವ ಗಾಡಿ ಕಂಡರೂ ಅದರ ಸುತ್ತ ಒಮ್ಮೆ ನಡೆದು, ಪ್ರತಿ ಗಾಲಿಯನ್ನೂ ಪಾದದಿಂದ ಒತ್ತಿ ನೋಡುವುದು ಕಾಕಾ ಅವರ ಅಭ್ಯಾಸ. ಗಾಡಿ ತಮ್ಮದಾಗಿರಬೇಕೆಂದೇನೂ ಇಲ್ಲ. ನಮ್ಮ ಓಣಿಯ ಒಂದು ಮದುವೆಯಲ್ಲಿ ಬೀಗರ ಕಾರುಗಳನ್ನೆಲ್ಲ ಹೀಗೆ ಸುತ್ತಿಬಂದು, ಸರಿಯಾಗಿ ಅಕ್ಕಿಕಾಳು ಹಾಕುವ ಹೊತ್ತಿಗೆ ವರನ ಸೋದರಮಾವನ ಕಿವಿಯಲ್ಲಿ, "ಎಡಕಿನ ಹಿಂದಿನ ಗಾಲ್ಯಾಗ ಹವಾ ಕಡಿಮಿ ಅದರಿ" ಎಂದಿದ್ದರು. ಆ ಮನುಷ್ಯ ಅಕ್ಕಿಕಾಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಹೊರಗೆ ಓಡಿದ.

ನನ್ನ ಎಡಗಾಲಿಗೆ ಎರಡು ವರ್ಷದವಳಿದ್ದಾಗ ಬಂದ ಜ್ವರದಿಂದ ಶಕ್ತಿ ಇಲ್ಲ. ಮೊಣಕಾಲಿಗೆ ಕೈ ಊರಿ ನಡೆಯುತ್ತೇನೆ. ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಿಂತ ಲೆಕ್ಕ ಹೆಚ್ಚು: ಎಷ್ಟು ಮೆಟ್ಟಿಲು, ಎಷ್ಟು ಹೊತ್ತು ಕಾದೆ, ಎಷ್ಟು ಪುಟ ಓದಿದೆ. ಬಿ.ಇಡಿ. ಮುಗಿದ ಮೇಲೆ ದೋರನಹಳ್ಳಿ ದಾಟಿ ಒಳಗಿರುವ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಮುಖ್ಯ ಗುರುಗಳು ಒಂದೇ ಷರತ್ತು ಹಾಕಿದ್ದರು. "ಸಾಲಿ ಶುರುವಾಗೂ ದಿನದಿಂದ ಪ್ರಾರ್ಥನೆಗೆ ಇರಬೇಕ್ರಿ ಟೀಚರ್. ಮಕ್ಕಳನ್ನ ಕಾಯಿಸಾಕ ಆಗಂಗಿಲ್ಲ. ಆಗಲಿಲ್ಲಂದ್ರ ಬ್ಯಾರೆ ಒಬ್ಬರು ಕಾಯಾಕತ್ತ್ಯಾರ." ಬಸ್ಸು ಆ ಊರು ಮುಟ್ಟುವುದು ಪ್ರಾರ್ಥನೆ ಮುಗಿದ ಒಂದು ತಾಸಿನ ಮೇಲೆ. ಬೆಳಗಿನ ಟಂಟಂ ಆಟೋಗಳು ಹೊರಗೆ ಜೋತುಬಿದ್ದವರನ್ನೂ ಹೊತ್ತು ಹೋಗುತ್ತವೆ. ನಾನು ಹತ್ತುವಷ್ಟು ಹೊತ್ತು ಅವು ನಿಲ್ಲುವುದಿಲ್ಲ. ಅಪ್ಪ, ಅಣ್ಣ ಇಬ್ಬರಿಗೂ ಅವರವರ ಕೆಲಸ. ಯಾರಿಗಾದರೂ ಬಿಡುವಾದರೆ ಮಾತ್ರ ನಾನು ಮನೆಯ ಹೊರಗೆ.

ಗಾಡಿ ಇರಲಿಲ್ಲ ಎಂದಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಮೂರು ಗಾಲಿಯ ಸ್ಕೂಟರ್ ನನ್ನ ಹೆಸರಿಗೆ ಬಂದಿತ್ತು. ಅಪ್ಪನಿಗೆ ಹೆದರಿಕೆ. ಅದು ಮನೆಯ ಮುಂದೆ ತಾಡಪತ್ರೆ ಹೊದ್ದುಕೊಂಡು ನಲವತ್ತೇಳು ದಿನ ನಿಂತಿತ್ತು.

ನಲವತ್ತೆಂಟನೇ ದಿನ ಅಣ್ಣ ತಾನು ಕಲಿಸುತ್ತೇನೆಂದು ಗಾಡಿ ಹತ್ತಿದ. ಅವನು ಬೈಕ್ ಓಡಿಸುವುದರಲ್ಲಿ ಗಟ್ಟಿಗ. ಓಣಿಯ ತಿರುವಿನಲ್ಲಿ ಬೈಕಿನ ಮೇಲೆ ವಾಲುವಂತೆ ಮೈ ವಾಲಿಸಿದ. ಪಕ್ಕದ ಗಾಲಿಗಳಿರುವ ಸ್ಕೂಟರ್ ವಾಲುವುದಿಲ್ಲ. ಹ್ಯಾಂಡಲ್ ತಿರುಗಿಸಬೇಕು. ಗಾಡಿ ನೆಟ್ಟಗೆ ಹೋಗಿ ಎದುರು ಮನೆಯವರ ತೊಗರಿಕಟ್ಟಿಗೆಯ ಬಣವೆಗೆ ನುಗ್ಗಿತು. ಅಣ್ಣನ ಅಂಗಿ ಹರಿಯಿತು. ಓಣಿಯ ಜನರೆಲ್ಲ ನಕ್ಕರು. ಅಪ್ಪ ತಾಡಪತ್ರೆ ತರಲು ಒಳಗೆ ಹೋದರು.

ಆಗ ಬಂದವರು ಡ್ರೈವರ್ ಕಾಕಾ. ಗಾಡಿಯ ಸುತ್ತ ನಡೆದರು, ಒಂದೊಂದೇ ಗಾಲಿ ಒತ್ತಿದರು. ಆಮೇಲೆ ನನ್ನನ್ನು ಕೇಳಿದರು.

"ಇವನಿಗಿ ಬೈಕ್ ಬರ್ತದ, ಅದಕ್ಕೇ ಬಿದ್ದಾನ. ನಿನಗ ಏನು ಬರ್ತದ?"

"ಏನೂ ಬರಾಂಗಿಲ್ರಿ ಕಾಕಾ. ಸೈಕಲ್ ಸೈತ ಬರಾಂಗಿಲ್ಲ."

"ಚಲೋ ಆತು ಬಿಡು. ಮರಿಯೂದು ಏನೂ ಇಲ್ಲ ಅಂದಂಗಾತು. ನೀ ಲಗೂ ಕಲೀತಿ."

ನನಗೆ ಏನೂ ಬರುವುದಿಲ್ಲ ಎಂಬುದನ್ನು ಒಳ್ಳೆಯ ಸುದ್ದಿಯೆಂದು ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಯಾದಗಿರಿಗೆ ಹೋಗಿ ಕಂಪ್ಯೂಟರಿನಲ್ಲಿ ರಸ್ತೆಯ ಚಿಹ್ನೆಗಳ ಪರೀಕ್ಷೆ ಬರೆದು ಎಲ್‌ಎಲ್‌ಆರ್ ತಂದೆ. ಮೂವತ್ತು ದಿನದ ನಂತರವೇ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಶಾಲೆ ಶುರುವಾಗಲು ನಲವತ್ತೊಂದು ದಿನ ಉಳಿದಿತ್ತು. ಅಷ್ಟರಲ್ಲಿ ಎಲ್ಲ ಮುಗಿಯಬೇಕು. ಮರುದಿನ ಬೆಳಿಗ್ಗೆ ಆರು ಗಂಟೆಗೆ ದವಸದ ಮಾರುಕಟ್ಟೆಯಾದ ಗಂಜ್‌ನ ಬಯಲಿನಲ್ಲಿ ಪಾಠ ಶುರುವಾಯಿತು. ಕಾಳು ಒಣಹಾಕುವ ದೊಡ್ಡ ಸಿಮೆಂಟಿನ ಅಂಗಳ ಅದು. ಸುಗ್ಗಿ ಮುಗಿದದ್ದರಿಂದ ಖಾಲಿ ಬಿದ್ದಿತ್ತು. ನೆಲದ ಮೇಲೆ ತೊಗರಿ ಹೊಟ್ಟಿನ ತೆಳುವಾದ ಧೂಳು.

ಮೊದಲ ದಿನವೇ ನಾನು ತಕರಾರು ತೆಗೆದೆ. "ಕಾಕಾ, ಇದಕ್ಕ ಮೂರು ಗಾಲಿ ಅಂತಾರ. ಎಣಿಸಿದ್ರ ನಾಕು ಅದಾವಲ್ರಿ. ಮುಂದೊಂದು, ಹಿಂದೊಂದು, ಬಗಲಾಗ ಎರಡು."

ಅವರು ಒಂದು ಕೊಡ ನೀರು ತಂದು ಅಂಗಳಕ್ಕೆ ಅಡ್ಡಲಾಗಿ ಚೆಲ್ಲಿ, "ಇದರ ಮ್ಯಾಗಿಂದ ಹೊಡಕೊಂಡು ಹೋಗು. ಆಮ್ಯಾಲ ಇಳದು ಬಂದು ನೋಡು" ಎಂದರು. ಧೂಳಿನ ಮೇಲೆ ಒದ್ದೆ ಗೆರೆಗಳು ಮೂಡಿದ್ದವು. ಮುಂದಿನ ಗಾಲಿಯ ಗೆರೆಯಲ್ಲೇ ಹಿಂದಿನದೂ ಹೋಗಿತ್ತು. ಗೆರೆ ಮೂರೇ.

"ನೀ ಮ್ಯಾಲಿಂದ ಎಣಿಸ್ತಿ, ನೆಲ ಕೆಳಗಿಂದ ಎಣಿಸ್ತದ. ಕಣ್ಣಿಗಿ ನಡುವಿನ ಗೆರಿ ಒಂದೇ ಕಾಣಿಸ್ತದ. ಉಳದ ಎರಡು ಗೆರಿ ಎಲ್ಲಿ ಹೊಂಟಾವ ಅಂತ ತಲ್ಯಾಗ ಇರಬೇಕು. ಕಲ್ಲಿಗಿ ಬಡಿಯೂವು, ನಾಯಿ ಕಾಲು ತುಳಿಯೂವು ಅವೇ."

ಅವರ ಪಾಠವೆಲ್ಲ ಹೀಗೆಯೇ. ಓಡಿಸುವುದು ಹತ್ತು ನಿಮಿಷ, ಇಳಿದು ಗೆರೆ ಓದುವುದು ಇಪ್ಪತ್ತು ನಿಮಿಷ. ಎರಡು ಇಟ್ಟಿಗೆ ನಡುವೆ ಹಾಯ್ದು ಬಂದರೆ ಬಲಗಡೆಯ ಗೆರೆ ಇಟ್ಟಿಗೆಗೆ ಎಷ್ಟು ಬೆರಳು ದೂರದಲ್ಲಿದೆ ಎಂದು ಅಳೆಯಿಸುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಮೊದಲ ವಾರ ಇಟ್ಟಿಗೆಗೆ ಬಡಿದದ್ದು ಇಪ್ಪತ್ತಾರು ಸಲ, ಎರಡನೇ ವಾರ ಒಂಬತ್ತು, ಮೂರನೇ ವಾರ ಎರಡು. ನನ್ನ ದಿನಚರಿಯನ್ನು ಮನೆಯಲ್ಲಿ ತಮಾಷೆ ಮಾಡುವವರೇ ಎಲ್ಲ. ಕಾಕಾ ಮಾತ್ರ ಕನ್ನಡಕ ಹಾಕಿಕೊಂಡು ಅದನ್ನು ಓದಿ, "ನಮ್ಮ ಜೀಪಿನ ಲಾಗ್‌ಬುಕ್ ಹಿಂಗ ಬರದಿದ್ರ ನನಗ ಒಂದು ಬಡ್ತಿ ಸಿಗತಿತ್ತು ನೋಡವಾ" ಎನ್ನುತ್ತಿದ್ದರು. ಮೇ ತಿಂಗಳ ಆ ಸೆಕೆಯಲ್ಲಿ ಎಲ್ಲರೂ ಚಪ್ಪಲಿ ಹಾಕಿದರೆ ಅವರು ಮೊದಲ ದಿನ ಬಿಟ್ಟು ಉಳಿದ ದಿನವೆಲ್ಲ ಕ್ಯಾನ್ವಾಸ್ ಬೂಟು ಹಾಕಿಕೊಂಡೇ ಬಂದರು. ಕೇಳಿದರೆ, "ಮಾಸ್ತರಾದ ಮ್ಯಾಲ ಜರಾ ಶಿಸ್ತು ಬ್ಯಾಡೇನು?" ಎಂದು ನಗುತ್ತಿದ್ದರು.

ಮೂವತ್ತೊಂದನೇ ದಿನ ಗೂಡ್ಸ್ ಆಟೋದಲ್ಲಿ ಗಾಡಿ ಹೇರಿಕೊಂಡು ಅಪ್ಪ, ಕಾಕಾ, ನಾನು ಯಾದಗಿರಿಗೆ ಹೋದೆವು. ಪರೀಕ್ಷೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಸಮಾಧಾನದ ಮನುಷ್ಯ. ಹೋಗಿ ಎಂದರು, ಹೋದೆ. ತಿರುಗಿ ಎಂದರು, ತಿರುಗಿದೆ. ಸೂಚನೆ ಕೊಟ್ಟೆ. ಇನ್ನು ಬಿಳಿ ಗೆರೆಯ ಹತ್ತಿರ ನಿಲ್ಲಿಸುವುದೊಂದೇ ಉಳಿದಿತ್ತು. ಬ್ರೇಕ್ ಹಿಡಿದೆ. ಅಷ್ಟರಲ್ಲಿ ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ನನ್ನ ಬಲಗಾಲು ತಾನಾಗಿಯೇ ಹೊರಗೆ ಬಂದು ನೆಲಕ್ಕೆ ಊರಿತು. ಹುಟ್ಟಿ ನಡೆಯಲು ಕಲಿತಾಗಿನಿಂದ ಬೀಳುವ ಭಯವಾದಾಗಲೆಲ್ಲ ಮೊದಲು ಮುಂದೆ ಬಂದು ನನ್ನನ್ನು ಹಿಡಿದ ಕಾಲು ಅದು. ಆದರೆ ಈ ಗಾಡಿ ಬೀಳುವ ಗಾಡಿಯಲ್ಲ. ಕಾಲು ಊರಿದರೆ ಹಿಂದಿನಿಂದ ಬರುವ ಪಕ್ಕದ ಗಾಲಿ ಅದರ ಮೇಲೇ ಬರುತ್ತದೆ. ಬಂತು. ಪರೀಕ್ಷೆಗೆಂದು ನಾನು ಹಾಕಿಕೊಂಡಿದ್ದ ಬೂಟಿನ ಅಂಚನ್ನು ತುಳಿದು ನಿಂತಿತು.

ಇನ್‌ಸ್ಪೆಕ್ಟರ್ ಓಡಿ ಬಂದು ಗಾಡಿ ಹಿಂದೆ ಸರಿಸಿದರು. "ಪೆಟ್ಟಾತೇನ್ರಿ ತಂಗಿ? ಇಲ್ಲಲ್ಲ? ಎಲ್ಲ ಚಲೋ ಹೊಡದ್ರಿ. ಆದ್ರ ಇದನ್ನ ನೋಡಿ ನಾ ಪಾಸ್ ಮಾಡಿದ್ರ ನಾಳಿ ನಿಮ್ಮ ಕಾಲು ಹೋಗ್ತದ. ಏಳು ದಿನ ಬಿಟ್ಟು ಬರ್ರಿ." ಅವರು ಹೇಳಿದ್ದು ಸರಿಯಾಗಿತ್ತು.

ಶಾಲೆಗೆ ಹತ್ತು ದಿನ ಉಳಿದಿತ್ತು. ಅಪ್ಪ ಮನೆಗೆ ಬಂದವರೇ, "ಸಾಕು ಮಾಡು. ಮನ್ಯಾಗ ನಾಕು ಹುಡುಗರಿಗಿ ಟ್ಯೂಷನ್ ಹೇಳು. ಇದ್ದ ಒಂದು ಕಾಲೂ ಕಳಕೋತಿ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಮುಖ್ಯ ಗುರುಗಳಿಗೆ ಫೋನ್ ಮಾಡಿ ಆಗುವುದಿಲ್ಲವೆಂದು ಹೇಳಿಬಿಡಲು ನಂಬರು ತೆಗೆದಿಟ್ಟುಕೊಂಡಿದ್ದೆ.

ಸಂಜೆ ಕಾಕಾ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಬಲಗಾಲಿನ ಬೂಟು ಬಿಚ್ಚಿದರು. ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಜಾಗ ಇನ್ನೂ ಕೆಂಪಗೆ ಹಸಿಯಾಗಿತ್ತು.

"ಮೊದಲನೇ ದಿನ ನಿನ್ನ ಅಣ್ಣನ ಬೈಕಿನ ಮ್ಯಾಲ ಮನಿಗಿ ಕಳಸಿದ್ನಲ್ಲ? ಆಮ್ಯಾಲ ನಾ ಒಬ್ಬಾವನೇ ಗಂಜ್‌ನ್ಯಾಗ ಒಂದು ಸುತ್ತು ಹೊಡದೆ. ಇಂಥ ಗಾಡಿ ನಾ ಎಲ್ಲಿ ಹೊಡದಿದ್ದೆ? ನಿಲ್ಲಿಸಾಕ ಹೋಗಿ ಕಾಲು ಊರಿದೆ. ಮೂವತ್ತೊಂದು ವರ್ಷದ ಡ್ರೈವರ್ ನಾನು. ನಿನಗ ಬೂಟಿನ ಅಂಚು ಹೋತು ಅಷ್ಟೇ."

ಅಪ್ಪ ಬಾಗಿಲಲ್ಲಿ ನಿಂತು ಆ ಬೆರಳನ್ನು ನೋಡುತ್ತಿದ್ದರು.

"ಹೇಳಬಾರದಿತ್ತೇನ್ರಿ ಕಾಕಾ?" ಎಂದೆ.

"ಹೇಳಿದ್ರ ನಿಮ್ಮಪ್ಪ ಬಿಡ್ತಿದ್ನೇನು? ಅದು ನಂದೇ ತಪ್ಪು. ಗಾಲಿ ಎಲ್ಲಿ ಹೋಗ್ತದ ಅಂತ ಕಲಿಸಿದೆ, ಕಾಲು ಎಲ್ಲಿ ಇರಬೇಕು ಅಂತ ಕಲಿಸಲಿಲ್ಲ. ನಾಳಿಂದ ಕಲಿಯೂನು."

ಕಲಿಯೋಣ ಎಂದರು, ಕಲಿಸುತ್ತೇನೆ ಎನ್ನಲಿಲ್ಲ. ಅವರಿಗೂ ಆ ಗಾಡಿ ಹೊಸದು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ತಮಗೆ ಬಾರದ್ದನ್ನು ನನಗಾಗಿ ನನಗಿಂತ ಒಂದು ದಿನ ಮೊದಲು ಕಲಿಯುತ್ತ, ನೋವು ಮುಚ್ಚಿಕೊಂಡು, ಒಂದು ತಿಂಗಳು ಬೆಳಿಗ್ಗೆ ಆರಕ್ಕೆ ಬಂದು ನಿಂತಿದ್ದರು.

ಅಪ್ಪ ಈ ಸಲ ತಡೆಯಲಿಲ್ಲ. ಮರುದಿನ ಕಾಕಾ ಗಂಜ್‌ನ ಗೋಡೆಯ ಪಕ್ಕ ಬೆಳೆದ ಎಕ್ಕೆಗಿಡದಿಂದ ಅಗಲವಾದ ಎಲೆಗಳನ್ನು ಕಿತ್ತು, ಹಾಲು ಒರೆಸಿ ತಂದಿದ್ದರು. ಒಂದು ಎಲೆಯನ್ನು ಗಾಡಿಯ ಕಾಲಿಡುವ ಜಾಗದಲ್ಲಿ ನನ್ನ ಬಲಗಾಲಿನ ಕೆಳಗೆ ಇಟ್ಟರು. ಕಾಲು ಎತ್ತಿದರೆ ಗಾಳಿಗೆ ಎಲೆ ಹಾರುತ್ತದೆ. ಹಾರದಂತೆ ನಿಲ್ಲಿಸಬೇಕು. ನಾನು ಓಡಿಸುವಾಗ ಅವರು ಇದ್ದಕ್ಕಿದ್ದಂತೆ ತಗಡಿನ ಡಬ್ಬಿ ಬಡಿಯುತ್ತಿದ್ದರು, ಕೂಗುತ್ತಿದ್ದರು, ಒಮ್ಮೆ ಅಣ್ಣನನ್ನು ಎದುರಿಗೆ ಓಡಿಸಿದರು. "ಗಾಡಿ ನಿಂತ ಮ್ಯಾಲ ಕಾಲು ತಗಿ. ನಿಂತದ ಅಂತ ಅನಿಸಿದ ಮ್ಯಾಲ ಅಲ್ಲ!" ಹಾರಿದ ಎಲೆಗಳ ಲೆಕ್ಕ ನನ್ನ ಪುಸ್ತಕದಲ್ಲಿದೆ: ಹತ್ತೊಂಬತ್ತು, ಹದಿನಾಲ್ಕು, ಹದಿನೈದು, ಆರು, ಏಳು, ಎರಡು. ಏಳನೇ ದಿನ ಎಲೆ ತರಲಿಲ್ಲ. "ಇವತ್ತು ಬ್ಯಾಡ. ಕಾಲಿಗಿ ತಿಳದದ" ಎಂದರು.

ಎರಡನೇ ಸಲ ಗೂಡ್ಸ್ ಆಟೋ ಬೇಡವೆಂದರು. ಕೆಂಪು 'ಎಲ್' ಅಂಟಿಸಿ, ನನ್ನನ್ನು ಓಡಿಸಲು ಬಿಟ್ಟು, ತಾವು ಹಿಂದೆ ಕುಳಿತರು. ದೋರನಹಳ್ಳಿ ದಾಟಿ, ಲಾರಿಗಳ ನಡುವೆ, ಭೀಮಾ ನದಿಯ ಸೇತುವೆಯವರೆಗೆ ಅವರು ಒಂದು ಸಲವೂ ತಿದ್ದಲಿಲ್ಲ. ಸೇತುವೆ ಮೇಲೆ ಎದುರಿನಿಂದ ಬಂದ ಬಸ್ಸಿಗೆ ನಾನು ಅಂಚಿಗೆ ಸರಿದು ನಿಂತೆ. ಕಾಲು ಒಳಗೇ ಇತ್ತು. ಬಸ್ಸು ಹೋದ ಮೇಲೆ ಹಿಂದಿನಿಂದ, "ಆತು. ಇನ್ನ ಯಾದಗಿರಿದಾಗ ಅವರು ಬರೇ ಸಹಿ ಮಾಡೂದು" ಎಂದರು. ಹಾಗೆಯೇ ಆಯಿತು. ಮೊದಲ ದಿನದ ಪ್ರಾರ್ಥನೆಗೆ ಹನ್ನೆರಡು ನಿಮಿಷ ಮೊದಲೇ ನಾನು ಶಾಲೆಯ ಅಂಗಳದಲ್ಲಿದ್ದೆ.

ಅದಾಗಿ ಎರಡು ವರ್ಷಕ್ಕೆ ಕಾಕಾಗೆ ಆರೋಗ್ಯ ತಪ್ಪಿತು. ಮಗ ಕಾಕಾ, ಕಾಕಿ ಇಬ್ಬರನ್ನೂ ನಾರಾಯಣಪುರಕ್ಕೆ ಕರೆದುಕೊಂಡು ಹೋದ. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಫೋನ್ ಬಂತು. ಕಾಕಾ ಹೋದರು, ಮಣ್ಣು ಮಧ್ಯಾಹ್ನ ಮೂರಕ್ಕೆ. ಅಪ್ಪ, ಅಣ್ಣ ಇಬ್ಬರೂ ಊರಲ್ಲಿರಲಿಲ್ಲ. ಹಿಂದೆ ನಮ್ಮ ಅಜ್ಜಿ ತಮ್ಮ ಹಳ್ಳಿಯಲ್ಲಿ ತೀರಿಕೊಂಡಾಗ ಎಲ್ಲರೂ ಟ್ರ್ಯಾಕ್ಟರಿನಲ್ಲಿ ಹೋಗಿದ್ದರು. ನನಗೆ ಹತ್ತಲಾಗಲಿಲ್ಲ, ಮನೆ ಕಾಯಲು ಬಿಟ್ಟರು. ನಾನು ಅಲ್ಲಿಗೆ ಮುಟ್ಟಿದ್ದು ಮೂರನೆಯ ದಿನ.

ಶಾಲೆಗೆ ರಜೆ ಹೇಳಿ ಗಾಡಿ ತೆಗೆದೆ. ಸುರಪುರದಲ್ಲಿ ಪೆಟ್ರೋಲ್ ಹಾಕಿಸಿದೆ. ಅದರಾಚೆ ನಾನು ಒಬ್ಬಳೇ ಎಂದೂ ಹೋದವಳಲ್ಲ. ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು. ದಾರಿಯಲ್ಲಿ ಇನ್ನೆರಡು ಸಲ ನಿಂತೆ, ಒಮ್ಮೆ ನೀರಿಗೆ, ಒಮ್ಮೆ ಅಳಲಿಕ್ಕೆ. ಕ್ವಾರ್ಟರ್ಸ್ ಮುಂದೆ ಗಾಡಿ ನಿಲ್ಲಿಸಿದಾಗ ಕಾಕಾ ಅವರ ದೇಹವನ್ನು ಇನ್ನೂ ಹೊರಗೆ ಕೂಡಿಸಿಯೇ ಇಟ್ಟಿದ್ದರು. ಹತ್ತಿರ ಹೋಗಿ ಆ ಕಪ್ಪು ಕೈ ಮುಟ್ಟಿದೆ.

ರಾತ್ರಿ ಕಾಕಿ ಜೊತೆಯಲ್ಲೇ ಉಳಿದೆ. ಬೆಳಿಗ್ಗೆ ಹೊರಡಲು ಸಿದ್ಧಳಾದಾಗ ಅವರ ಸಂಬಂಧಿಕರಿಬ್ಬರು ನನ್ನ ಗಾಡಿಯ ಹತ್ತಿರ ಮಾತನಾಡಿಕೊಳ್ಳುತ್ತಿದ್ದರು. ನನ್ನ ಬಗ್ಗೆ ಮರುಕದಿಂದಲೇ. "ಪಾಪ, ಇಷ್ಟು ದೂರ ಹೆಂಗ ಹೋಗ್ತಾಳ? ಟೆಂಪೋದಾಗ ಗಾಡಿ ಹೇರಿ, ಈಕಿನ್ನೂ ಕೂಡಿಸಿ ಕಳಸೂನು" ಎಂದು ಒಬ್ಬರು ಹ್ಯಾಂಡಲ್ ಹಿಡಿದರು.

ಕಾಕಿ ಒಳಗಿನಿಂದ ಎದ್ದು ಬಂದರು.

"ಕೈ ತಗೀರಿ. ಆಕಿ ಬಂದಂಗೇ ಹೋಗ್ತಾಳ."