ಪಟಾಲಮ್ಮನ ನವಾರು ಪಟ್ಟಿಗಳು

ಗಂಗಾನಗರದ ಚಾರಣ ಸಂಘದ ಉಗ್ರಾಣಕ್ಕೆ ಪಟಾಲಮ್ಮ ಮೊದಲು ಬಂದದ್ದು ಕಸ ಗುಡಿಸುವುದಕ್ಕೆ. ಅದು ಎಪ್ಪತ್ತಾರನೇ ಇಸವಿ. ಶೆಟ್ಟಿಹಳ್ಳಿಯ ರಾಗಿ ಹೊಲದ ಮನೆಯಲ್ಲಿ ಹುಟ್ಟಿ, ಗಾರೆ ಕೆಲಸದ ಮುನಿಶಾಮಪ್ಪನನ್ನು ಮದುವೆಯಾಗಿ ಬಂದ ಹೆಂಗಸು. ಮೈ ಕೈ ತುಂಬಿಕೊಂಡ ದಪ್ಪನೆಯ ಆಳು. ಒಂದು ಕೆಲಸ ಹಿಡಿದಳೆಂದರೆ ಮುಗಿಯುವವರೆಗೆ ನೀರೂ ಕುಡಿಯದ ಜಾತಿ.

ಸಂಘದವರು ಕಾಡಿಗೆ ಹೋದಾಗ ಎರಡು ಮರಗಳ ನಡುವೆ ಬಟ್ಟೆಯ ಜೋಲಿ ಕಟ್ಟಿ ಮಲಗುತ್ತಿದ್ದರು. ಜೋಲಿಯನ್ನು ಮರಕ್ಕೆ ಬಿಗಿಯಲು ಮಂಚಕ್ಕೆ ನೇಯುವಂಥದ್ದೇ ನವಾರು ಪಟ್ಟಿ, ಆದರೆ ಇನ್ನೂ ದಪ್ಪನೆಯದು. ಹೋಗುವಾಗ ಎಲ್ಲರಿಗೂ ಉತ್ಸಾಹ. ಬಂದ ಮೇಲೆ ಪಟ್ಟಿಗಳನ್ನು ಮಣ್ಣು, ಮರದ ಅಂಟು, ಇರುವೆಗಳ ಸಮೇತ ಮೂಲೆಗೆ ಎಸೆದು ಮನೆ ಸೇರುವ ಮಹನೀಯರು. ಪಟಾಲಮ್ಮನಿಗೆ ಅದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಯಾರೂ ಹೇಳದೆಯೇ ಒಂದೊಂದನ್ನೂ ತೆಂಗಿನ ನಾರಿನಲ್ಲಿ ಉಜ್ಜಿ, ಬರೀ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಮಡಿಚದೆ ಸುರುಳಿ ಸುತ್ತಿ, ಬಟ್ಟೆ ಚೀಲಕ್ಕೆ ತುಂಬಿ ಬಿದಿರ ಗಳಕ್ಕೆ ನೇತುಹಾಕಿದಳು. ಜೋಲಿ ಸಿಕ್ಕಿಸುವ ಕಬ್ಬಿಣದ ಬಳೆಗಳಿಗೆ ಬೇರೆ ಡಬ್ಬಿ. ತುಕ್ಕು ತಗುಲಿದರೆ ಹತ್ತಿಯ ನೂಲು ಉಳಿಯುವುದಿಲ್ಲವೆಂದು ಅವಳಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷದಲ್ಲಿ ಕಾರ್ಯದರ್ಶಿ ನರಸಿಂಹಯ್ಯನವರು ಉಗ್ರಾಣದ ಬೀಗದ ಕೈಯನ್ನೇ ಅವಳಿಗೆ ಕೊಟ್ಟುಬಿಟ್ಟರು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ದಿನ ಅವಳು ಮನೆಗೆ ಸುತ್ತು ದಾರಿಯಲ್ಲಿ ಹೋದಳು, ನಾಲ್ಕು ಜನ ನೋಡಲಿ ಎಂದು.

ಅವಳದೊಂದು ಪದ್ಧತಿ ಇತ್ತು. ಅವಳ ತವರಿನಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಅದನ್ನು ಮೊದಲು ಮಲಗಿಸಿ ತೂಗುತ್ತಿದ್ದರು. ಕೂಸಿಗೆ ಬರುವ ಕೇಡೆಲ್ಲ ಕಲ್ಲಿಗೆ ಹೋಗಲಿ ಎಂದು. ಪಟಾಲಮ್ಮನೂ ಪ್ರತಿ ಶಿಬಿರದ ಹಿಂದಿನ ದಿನ ಹಿತ್ತಲ ಹೊಂಗೆ ಮರಗಳಿಗೆ ಪಟ್ಟಿ ಬಿಗಿದು, ಜೋಲಿಗೆ ಗುಂಡುಕಲ್ಲು ಹಾಕಿ ಮೂರು ಸಲ ತೂಗುವಳು. ಕಲ್ಲು ನಿಂತಿತೋ, ಪಟ್ಟಿ ಪಾಸು. ಹುಡುಗರು ನಗುತ್ತಿದ್ದರು. ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಎಂಬತ್ತಮೂರರ ಮಳೆಗಾಲ ಮುಗಿದ ಮೇಲೆ ನಡೆದ ಮೊದಲ ಶಿಬಿರದಲ್ಲಿ ರೆಹಾನಾ ಬಿದ್ದಳು. ಉಗ್ರಾಣದ ಹಿಂದಿನ ಮನೆಯ ಹುಡುಗಿ, ಪ್ರಾಥಮಿಕ ಶಾಲೆಯ ಟೀಚರು, ಹೆಣ್ಣುಮಕ್ಕಳ ತಂಡಕ್ಕೆ ಅವಳೇ ಮುಂದಾಳು. ಸಂಜೆ ಜೋಲಿ ಕಟ್ಟಿ ಮಲಗಿದ್ದೇ ತಡ, ಕೆಳಗಿನ ಬಂಡೆಯ ಮೇಲೆ ಬಿದ್ದು ಮಣಿಕಟ್ಟು ಮುರಿಯಿತು. ಗಂಟು ಸರಿಯಾಗಿ ಹಾಕಿರಲಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಪಟ್ಟಿ ಹರಿದಿರಲಿಲ್ಲ, ಉದ್ದಕ್ಕೆ ಬಿಚ್ಚಿಕೊಂಡು ಬಿದ್ದಿತ್ತು ನೋಡಿ, ಅದಕ್ಕೆ. ಕಟ್ಟಲು ಬಾರದವಳಿಗೆ ಕಾಡು ಯಾಕೆ ಎಂದು ನೆಂಟರು ಚುಚ್ಚಿದರು. ತಾಯಿ ಕುಲ್ಸುಮ್ ಇನ್ನು ಮೇಲೆ ಹೊರಗೆ ಹೋಗುವುದೇ ಬೇಡವೆಂದು ಮಗಳಿಗೆ ಕಟ್ಟಪ್ಪಣೆ ಮಾಡಿದಳು.

ಸಾಮಾನು ವಾಪಸು ಬಂದಾಗ ಪಟಾಲಮ್ಮ ಆ ಪಟ್ಟಿಯನ್ನು ಕೈಗೆತ್ತಿಕೊಂಡಳು. ಮರ ಸುತ್ತಿ ಬಂದ ಇನ್ನೊಂದು ತುದಿಯನ್ನು ತೂರಿಸಿ ಗಂಟು ಹಾಕಲು, ಒಂದು ತುದಿಯಲ್ಲಿ ನಾಲ್ಕು ಮಡಿಕೆ ಹಾಕಿ ಹೊಲಿದ ಕುಣಿಕೆ ಇರಬೇಕು. ಹೊಲಿಗೆ ಬಿಟ್ಟು ಕುಣಿಕೆಯೇ ಇರಲಿಲ್ಲ. ಮಡಿಕೆ ಇದ್ದ ಜಾಗದಲ್ಲಿ ಕಪ್ಪು ಬೂಸ್ಟು, ಉಗುರಲ್ಲಿ ಕೆರೆದರೆ ಪುಡಿಯಾಗುವ ದಾರ. ಮಳೆಯ ದಿನಗಳಲ್ಲಿ ಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಿ, ಒಣಗಿದೆ ಎಂದು ಸುತ್ತಿಟ್ಟವಳು ಅವಳೇ. ಒಂದೇ ಪದರವಿದ್ದ ಕಡೆ ಒಣಗಿತ್ತು, ಮಡಿಕೆಯ ಒಳಗೆ ಪಸೆ ಉಳಿದಿತ್ತು. ಅಂದವಾಗಿ ಕಾಣಲಿ ಎಂದು ಕುಣಿಕೆಯ ಕಡೆಯಿಂದಲೇ ಸುತ್ತಿದ್ದರಿಂದ ಅದು ಸುರುಳಿಯ ನಟ್ಟನಡುವೆ ಗಾಳಿಯಿಲ್ಲದೆ ಕೊಳೆತಿತ್ತು. ಗುಂಡುಕಲ್ಲನ್ನು ತಡೆದಿತ್ತಲ್ಲ? ತಡೆಯದೆ ಏನು, ಅದರ ಭಾರ ಒಂದು ಕೂಸಿನಷ್ಟು! ಇಷ್ಟು ವರ್ಷ ಶಾಸ್ತ್ರವನ್ನೇ ಪರೀಕ್ಷೆ ಎಂದು ನಂಬಿದ್ದಳು ಈ ಜಾಣೆ.

ಸಂಘದ ಬಚ್ಚಲೊಲೆ ಪಕ್ಕದಲ್ಲೇ ಉರಿಯುತ್ತಿತ್ತು. ಪಟ್ಟಿಯನ್ನು ಅದಕ್ಕೆ ತುರುಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತುರುಕುವ ಮನಸ್ಸು ಅವಳಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಬೀಗದ ಕೈ ಹೋದರೆ ತಾನು ಮತ್ತೆ ಕಸ ಗುಡಿಸುವವಳು, ಅದೂ ಉಳಿದರೆ. ಆದರೆ ಹಿಂದಿನ ಮನೆಯಲ್ಲಿ ಆ ಹುಡುಗಿ ಮಾಡದ ತಪ್ಪು ಹೊತ್ತು ಕೂತಿತ್ತು. ಪಟಾಲಮ್ಮ ಸೆರಗು ಬಿಗಿದುಕೊಂಡು ಪಟ್ಟಿ ಸಮೇತ ನರಸಿಂಹಯ್ಯನವರ ಮುಂದೆ ಹೋಗಿ ನಿಂತಳು.

"ಆ ಮಗ ಗಂಟು ಸರ್ಯಾಗೇ ಆಕಿತ್ತು ಸಾಮಿ. ಪಟ್ಟಿ ಕೊಳ್ತಿತ್ತು. ಕೊಳೆಸಿದ್ದು ನಾನು."

ಅವರು ಪಟ್ಟಿಯ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೈ ಚಾಚಿ ಬೀಗದ ಕೈ ಇಸಿದುಕೊಂಡರು. ಪಟಾಲಮ್ಮ ಕೊಟ್ಟಳು. ಆದರೆ ಉಳಿದ ಪಟ್ಟಿಗಳನ್ನು ತಾನು ನೋಡುವವರೆಗೆ ಒಂದೂ ಹೊರಗೆ ಹೋಗಕೂಡದು, ದಿನಾ ಬಂದು ಬಾಗಿಲು ತೆಗೆದುಕೊಡಿ ಎಂದು ಅವರಿಗೇ ತಾಕೀತು ಮಾಡಿ ಬಂದಳು. ಅಲ್ಲಿಂದಲೇ ಕುಲ್ಸುಮ್ ಮನೆಯ ಬಾಗಿಲಿಗೆ ಹೋಗಿ, ಅದೇ ಮಾತನ್ನು ರೆಹಾನಾಳ ಎದುರಿಗೇ ಹೇಳಿದಳು. ಹುಡುಗಿ ಅತ್ತುಬಿಟ್ಟಳು. ಕುಲ್ಸುಮ್ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನದಿಂದ ಪಟಾಲಮ್ಮ ಪ್ರತಿ ಕುಣಿಕೆಯ ಮಡಿಕೆಯನ್ನೂ ಸೂಜಿಯಿಂದ ಬಿಡಿಸಿ ನೋಡಿದಳು. ಕಪ್ಪು ಕಂಡದ್ದನ್ನು ಕತ್ತರಿಸಿ ಎಸೆದಳು. ಉಳಿದದ್ದಕ್ಕೆ ಹೊಸದಾಗಿ ಹೊಲಿಗೆ ಹಾಕಿ, ಮರಕ್ಕೆ ಬಿಗಿದು, ಜೋಲಿಯಲ್ಲಿ ತಾನೇ ಮಲಗಿದಳು. ರಸ್ತೆಗೆ ಕಾಣುವ ಹಿತ್ತಲು. ಹೋಗಿ ಬರುವವರು ನಿಂತು ನಕ್ಕರು. ಮುನಿಶಾಮಪ್ಪನೇ ಬಂದು ಮಾನ ಹೋಗುತ್ತೆ ಕಣೇ ಎಂದು ಗೊಣಗಿದ. ಅವಳು ಎದ್ದು, ಮುಂದಿನ ಪಟ್ಟಿ ಬಿಗಿದು, ಮತ್ತೆ ಮಲಗಿದಳು. ಪಾಸಾದದ್ದನ್ನು ಈಗ ಕುಣಿಕೆ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು.

ಐದನೆಯ ದಿನ ಕಾಂಪೌಂಡಿನ ಆಚೆಯಿಂದ ಕುಲ್ಸುಮ್ ಬಂದಳು. ದಿನವೂ ಕಿಟಕಿಯಿಂದ ನೋಡುತ್ತಿದ್ದಳಂತೆ. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ನೀವು ಇನ್ನೂ ಮಲಗದ ಪಟ್ಟಿ ಯಾವುದು ಎಂದು ಕೇಳಿದಳು. ಪಟಾಲಮ್ಮ ಆಗಷ್ಟೇ ಮರಕ್ಕೆ ಬಿಗಿದದ್ದನ್ನು ತೋರಿಸಿ, ತಾಳಿ, ಮೊದಲು ನಾನು ಎಂದಳು. ಕುಲ್ಸುಮ್ ಕೇಳಲಿಲ್ಲ. ಜೋಲಿಯ ಅಂಚು ಹಿಡಿದು ಕೂತು, ಎರಡೂ ಕಾಲು ಮೇಲೆಳೆದುಕೊಂಡು ಮಲಗಿಯೇಬಿಟ್ಟಳು. ಪಟಾಲಮ್ಮ ಉಸಿರು ಬಿಗಿಹಿಡಿದು ಕುಣಿಕೆಯನ್ನೇ ನೋಡುತ್ತಾ ನಿಂತಳು. ನವಾರು ಕಿರ್ರೆಂದಿತು, ಎಳೆದುಕೊಂಡಿತು, ನಿಂತಿತು.

ಕುಲ್ಸುಮ್ ತಟ್ಟನೆ ಏಳಲಿಲ್ಲ. ಹೊಂಗೆಯ ಎಲೆಗಳನ್ನು ನೋಡುತ್ತಾ ಮಲಗಿದ್ದವಳು ಕೊನೆಗೆ ಹೇಳಿದಳು:

"ಪಟ್ಟಿ ತೆಗ್ದಿಡಿ ಪಟಾಲಮ್ಮ. ಕೈ ವಾಸಿ ಆದ್ಮೇಲೆ ರೆಹಾನಾನ ಕಳಿಸ್ತೀನಿ. ನೀವು ಕಟ್ಟಿಕೊಡ್ಬೇಡಿ. ಎಲ್ರ ಮುಂದೆ ಅವ್ಳೇ ಕಟ್ಲಿ."