ಕಿವಿ ಚುಚ್ಚಿದ ದಿನ

ನಾನು ನೋವಿನ ಕೆಲಸದವಳು. ನರಗಳ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಅಯಾನ್ ಚಾನೆಲ್ ಎನ್ನುತ್ತೇವೆ. ಅವು ತೆರೆದು ಸೋಡಿಯಂ ಒಳನುಗ್ಗಿದರೆ ನೋವಿನ ಸುದ್ದಿ ಮಿದುಳಿಗೆ ಹೊರಡುತ್ತದೆ. ತ್ಯಾವಣಿಗೆಯಲ್ಲಿ ಬೆಳೆದ ನನಗೆ ಇದು ಗದ್ದೆಗೆ ನೀರು ಬಿಡುವ ತೂಬಿನ ಹಾಗೆಯೇ ಅರ್ಥವಾಗಿದ್ದು. ಅಂಥದ್ದೊಂದು ಬಾಗಿಲನ್ನು ಮುಚ್ಚುವ ಔಷಧಿಗಾಗಿ ಪ್ರಾಯವನ್ನೆಲ್ಲ ಪ್ರಯೋಗಾಲಯದಲ್ಲಿ ಕಳೆದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಅದನ್ನು ಸಂಬಳ ತೆಗೆದುಕೊಂಡು ಮಾಡಿದವಳು ನಾನು. ಇಲಿಗಳ ನೋವು ನಿಲ್ಲಿಸಿದ ಔಷಧಿ ಮನುಷ್ಯರಲ್ಲಿ ಏನೂ ಮಾಡಲಿಲ್ಲ.

ಆ ಹೊತ್ತಿಗೆ ಪರಿಚಯದ ಮೂಳೆ ಡಾಕ್ಟರೊಬ್ಬರು ಜಗಳೂರು ಕಡೆಯ ಹೆಂಗಸೊಬ್ಬಳನ್ನು ನನ್ನ ಹತ್ತಿರ ಕಳಿಸಿದರು. ಮುರಿದ ಪಾದದಲ್ಲೇ ಹೊಲಕ್ಕೆ ಓಡಾಡಿಕೊಂಡಿದ್ದಳಂತೆ. ಹುಟ್ಟಿದಾಗಿನಿಂದ ಅವಳಿಗೆ ನೋವೆಂದರೇನೆಂದೇ ಗೊತ್ತಿಲ್ಲ. ನಾನು ಮುಚ್ಚಲು ಹೆಣಗುತ್ತಿದ್ದ ಅದೇ ಬಾಗಿಲು ಅವಳಲ್ಲಿ ತೆರೆಯುವುದೇ ಇಲ್ಲ. ಎಳವೆಯಲ್ಲೇ ನಾಲಿಗೆಯ ತುದಿ ಕಚ್ಚಿಕೊಂಡಿದ್ದಳು, ಎರಡು ಬೆರಳು ಮೊಂಡಾಗಿದ್ದವು. ನ್ಯಾಮತಿಯಲ್ಲಿದ್ದ ಸೋದರಮಾವನಿಗೇ ಕೊಟ್ಟಿದ್ದರಿಂದ ಅವಳಿಗೆ ಅತ್ತೆಯೂ ಅಜ್ಜಿಯೂ ಒಬ್ಬಳೇ. ಆ ಮುದುಕಿ ನನ್ನೆದುರು ಹೆಮ್ಮೆಪಟ್ಟಳು.

"ಕಾದ ಹೆಂಚು ಬರಿಗೈಲೇ ಇಳಸ್ತಾಳ್ರೀ. ಬಲು ಗಟ್ಟಿಗಿತ್ತಿ."

ಸೊಸೆಯ ಅಂಗೈ ತುಂಬ ಸುಟ್ಟ ಕಲೆಗಳು. ನನಗೆ ಮೈ ಉರಿದುಹೋಯಿತು.

ಆಗ ಅವಳು ಏಳು ತಿಂಗಳ ಬಸುರಿ. ಗಂಡನ ರಕ್ತ ಪರೀಕ್ಷಿಸಿದೆ. ಅವನಿಗೆ ನೋವು ಗೊತ್ತಾಗುತ್ತಿತ್ತು, ಆದರೆ ಹೆಂಡತಿಯ ದೋಷವೇ ಅವನ ರಕ್ತದಲ್ಲೂ ಅಡಗಿತ್ತು. ಮಗು ತಾಯಿಯಂತಾಗುವುದೋ ಇಲ್ಲವೋ ಅರ್ಧಕ್ಕರ್ಧ, ಎಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಗಂಡ ತಲೆತಗ್ಗಿಸಿದ. ಅವಳು ಮಾತ್ರ ಕೇಳಿದಳು.

"ನಿಮ್ಮ ಔಷಧಿ ನೋವು ತೆಗೆಯಾಕೆ ಅಲ್ವೇನಕ್ಕಾ? ಬರ್ಸಾಕೆ ಒಂದೂ ಇಲ್ವಾ?"

ಇಲ್ಲ ಎಂದೆ. ಅಷ್ಟು ಓದಿಕೊಂಡು ಇಲ್ಲ ಎನ್ನಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಹೆರಿಗೆಗೆ ಜಗಳೂರು ಕಡೆಯ ತವರಿಗೆ ಹೋದಳು. ಬ್ಯಾನೆ ಬಂದಾಗ ಕರೆತನ್ನಿ ಎಂದು ಆಸ್ಪತ್ರೆಯವರು ಎಲ್ಲರಿಗೂ ಹೇಳುವಂತೆ ಅವಳಿಗೂ ಹೇಳಿ ಕಳಿಸಿದ್ದರು. ಇವಳಿಗೆ ಬ್ಯಾನೆ ಬಂದರೂ ತಿಳಿಯುವುದಿಲ್ಲ ಎಂದು ನಾನೇ ಫೋನಿನಲ್ಲಿ ಜಗಳವಾಡಿದ ಮೇಲೆ ದಿನ ನೋಡಿ ಆಪರೇಷನ್ ಮಾಡಿದರು. ಹೆಣ್ಣುಮಗು. ವಾರದೊಳಗೆ ಅವಳೇ ಫೋನು ಮಾಡಿದಳು. "ಅಳ್ತೈತೆ ಅಕ್ಕಾ, ಹಸಿವಾದ್ರೆ ಮನೆ ಹಾರಿಹೋಗೋ ಹಂಗೆ ಅಳ್ತೈತೆ!" ಹಸಿವಿನ ಅಳು ಬೇರೆ, ನೋವಿನ ಅಳು ಬೇರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ರಕ್ತ ಪರೀಕ್ಷೆ ಮಾಡಲೇ ಎಂದೆ. ಬೇಡ ಎಂದಳು. "ಹನ್ನೆರಡನೇ ದಿನಕ್ಕೆ ಕಿವಿ ಚುಚ್ಚಿಸ್ತೀವಿ. ಬರ್ರಿ. ಗೊತ್ತಾಗ್ತೈತೆ."

ಹೋದೆ. ಅಕ್ಕಸಾಲಿಗರು ಮನೆಗೇ ಬಂದಿದ್ದರು. ಪದ್ಧತಿಯಂತೆ ಅವಳ ತಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ಯಾರೋ ಕೂಸಿನ ಬಾಯಿಗೆ ಬೆಲ್ಲದ ನೀರು ತೊಟ್ಟಿಕ್ಕಿಸಲು ಬಂದರೆ ಅವಳು ಕೈ ಅಡ್ಡ ಹಿಡಿದಳು. "ರಮಿಸಬ್ಯಾಡ್ರಿ. ಅಳ್ಲಿ." ಕೂಸಿನ ಹೊಟ್ಟೆ ತುಂಬಿತ್ತು, ಕಣ್ಣು ಬಿಟ್ಟಿತ್ತು. ಚಿನ್ನದ ತಂತಿ ಎಡಗಿವಿಯ ಹಾಲೆಯನ್ನು ಹಾದುಹೋಯಿತು.

ಕೂಸು ಅಳಲಿಲ್ಲ.

"ಭಲೆ! ಇಷ್ಟು ವರ್ಷದಾಗೆ ಹಿಂಗೆ ಸುಮ್ಮನಿದ್ದ ಕೂಸು ನೋಡಿಲ್ಲ. ತಾಯಿ ಹಂಗೇ ಗಟ್ಟಿ ಬಿಡ್ರಿ," ಎಂದರು ಅಕ್ಕಸಾಲಿಗರು. ಸೇರಿದವರೆಲ್ಲ ನಕ್ಕರು. ಅವಳು ಮಾತ್ರ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ನಿದ್ದೆಗಣ್ಣು ಇರ್ಬೇಕು ಆಚಾರ್ರೆ," ಎನ್ನುತ್ತಾ ತಾನೇ ಕೂಸಿನ ಮುಖವನ್ನು ಆ ಕಡೆ ಹೊರಳಿಸಿದಳು. "ಈ ಕಿವಿಗೆ ಸ್ವಲ್ಪ ನಿಧಾನಕ್ಕೆ ಚುಚ್ರಿ."

ಅವರು ನಿಧಾನಕ್ಕೇ ಚುಚ್ಚಿದರು. ಕೂಸು ಆಕಳಿಸಿತು. ಅವಳು ತಮ್ಮನ ತೊಡೆಯಿಂದ ಅದನ್ನು ಕಿತ್ತುಕೊಂಡು ಎದೆಗವಚಿ, "ಅಳು ನನ್ನವ್ವಾ, ಒಂದ್ಸಲ ಅಳು," ಎಂದು ಬೇಡತೊಡಗಿದಳು.