ಹುಬ್ಬು ನೋಡಿ ಮಾಡಿದ ಲೆಕ್ಕ

‘ಘರೀ ಲಕ್ಷ ದ್ಯಾ.’ ಮನೆಯಲ್ಲಿ ಸ್ವಲ್ಪ ಗಮನ ಕೊಡಿ. ಈ ಮರಾಠಿ ಮಾತನ್ನು ನಾನು ಎಷ್ಟು ಪಾಲಕರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಪುಣೆಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಕಲಿಸುವವಳು ನಾನು. ಹುಡುಗರಿಗೆ ಅಂಕ ಕಡಿಮೆ ಬಿದ್ದರೆ ಅಪ್ಪ ಅಮ್ಮಂದಿರನ್ನು ಎದುರಿಗೆ ಕೂರಿಸಿಕೊಂಡು ಇದನ್ನೇ ಹೇಳಿ ಕಳಿಸುತ್ತಿದ್ದೆ. ಅವರು ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು. ನನಗೆ ಆಗ ಒಳಗೊಳಗೇ ಒಂದು ಸಮಾಧಾನವೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಈ ವರ್ಷ ನನ್ನ ಮಗಳಿಗೆ ಏಳನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ಬಂತು. ಅವಳದೂ ಅದೇ ಶಾಲೆ. ಅವಳಿಗೆ ಗಣಿತ ಕಲಿಸುವವಳು ಹೋದ ವರ್ಷವಷ್ಟೇ ಸೇರಿದ ಮರಾಠಿ ಹುಡುಗಿ. ಕರಿಹಲಗೆಯ ಮುಂದೆ ಹೇಗೆ ನಿಲ್ಲಬೇಕೆಂದು ಅವಳಿಗೆ ಹೇಳಿಕೊಟ್ಟವಳೇ ನಾನು. ಉತ್ತರಪತ್ರಿಕೆಯನ್ನು ನನ್ನ ಕೈಗೆ ಕೊಡುವಾಗ ಆಕೆ ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ.

ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದನೇ ಎರಡು ಭಾಗ ಎಂದು ಬರೆದಿದ್ದಳು ಮಹಾರಾಯಿತಿ. ಎರಡರ ಘಾತ ಮೂರು ಎಂಟಾಗುವ ಬದಲು ಆರು. ಕಳೆಯುವುದು, ಗುಣಿಸುವುದು ಎರಡೂ ಒಂದೇ ಸಾಲಿನಲ್ಲಿ ಬಂದ ಕಡೆಯೆಲ್ಲ ಎಡಗಡೆಯಿಂದ ಕಣ್ಣುಮುಚ್ಚಿ ನಡೆದುಬಿಟ್ಟಿದ್ದಳು. ಇವನ್ನೆಲ್ಲ ಹಿಂದಿನ ವಾರವಷ್ಟೇ ಕಾತ್ರಜದ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ, ನನ್ನೆದುರಿಗೆ ಒಂದೂ ತಪ್ಪಿಲ್ಲದೆ ಮಾಡಿ ತೋರಿಸಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

“ಮನ್ಯಾಗ ಎಲ್ಲಾ ಬರೋಬ್ಬರಿ ಮಾಡ್ತಿ. ಅಲ್ಲಿ ಹೋದ ಕೂಡ್ಲೆ ಏನಾಗ್ತದ ನಿನಗ?” ಅಂದೆ.

“ಗೊತ್ತಿಲ್ಲ ಅವ್ವಾ.”

“ಗೊತ್ತಿಲ್ಲ ಅನ್ಲಿಕ್ಕೆ ನಾಚಿಗಿ ಬರಂಗಿಲ್ಲೇನು? ನಾಳೆ ಸ್ಟಾಫ್ ರೂಮಿನ್ಯಾಗ ನಾ ಹೆಂಗ ಮಾರಿ ತೋರಿಸ್ಲಿ?”

ಅವಳು ಪೆನ್ಸಿಲ್ ತುದಿ ಕಡಿಯುತ್ತ ಕೂತಳು. ನಾನು ಕೇಳಿದ್ದು ನನ್ನ ಮುಖದ ಬಗ್ಗೆ, ಅವಳ ಲೆಕ್ಕದ ಬಗ್ಗೆ ಅಲ್ಲ. ಅದು ಅವಳಿಗೆ ಆಗಲೇ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಮನೆಯಲ್ಲಿ ನಾನು ಕಲಿಸುವ ಪದ್ಧತಿ ಹೀಗಿತ್ತು. ಒಂದು ಲೆಕ್ಕ ಬರೆದುಕೊಟ್ಟು ಎದುರಿಗೆ ಕೂರುವುದು. ಅವಳು ತಪ್ಪು ಹೆಜ್ಜೆ ಇಡಲು ಹೊರಟರೆ ನನ್ನ ಹುಬ್ಬು ತಾನಾಗಿಯೇ ಮೇಲೇರುತ್ತಿತ್ತು. ಬಾಯಿ ಬಿಡುವ ಅಗತ್ಯವೇ ಬೀಳುತ್ತಿರಲಿಲ್ಲ. ಎಂಟನೇ ತರಗತಿಯ ಹುಡುಗರೂ ಈ ಹುಬ್ಬಿಗೆ ಹೆದರುತ್ತಾರೆ. ಸ್ವಾರಗೇಟಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರು ಒಮ್ಮೆ ಚಹಾ ಕುಡಿಯುತ್ತ, “ನೀ ಹಂಗ ಹುಬ್ಬು ಏರಿಸಿ ಕೂತ್ರ ಆಕಿಗಷ್ಟ ಅಲ್ಲ, ನನಗೂ ಲೆಕ್ಕ ಬರ್ತಾವ ನೋಡು,” ಎಂದು ಚೇಷ್ಟೆ ಮಾಡಿದ್ದರು. ಹೊಗಳಿಕೆ ಅಂದುಕೊಂಡು ನಾನೂ ನಕ್ಕಿದ್ದೆ.

ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಮೊದಲ ಗಂಟೆಗಿಂತ ಮುಂಚೆ ಒಂದು ಹೆಚ್ಚುವರಿ ತರಗತಿ ಇದೆ. ಅದು ನಡೆಯುವುದು ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲಿ. ಅಲ್ಲಿ ಯಾರ್‍ಯಾರು ಕೂತಿದ್ದಾರೆಂದು ಹಾಜರಿ ಹಾಕಲು ಬರುವ ಟೀಚರುಗಳೆಲ್ಲ ಬಗ್ಗಿ ನೋಡಿಯೇ ಹೋಗುತ್ತಾರೆ, ನಾನೂ ನೋಡಿದವಳೇ. ಗಣಿತದ ಟೀಚರ್ ಮಗಳು ಆ ಬೆಂಚಿನ ಮೇಲೆ ಕೂರುವುದು ಸಾಧ್ಯವೇ ಇಲ್ಲ ಎಂದು ತೀರ್ಮಾನಿಸಿಕೊಂಡೇ ನಾನು ಆ ಶನಿವಾರ ಪಾಲಕರ ಸಭೆಗೆ ಹೋದೆ. ಮಗಳನ್ನು ಅದರಿಂದ ತಪ್ಪಿಸಬೇಕು, ಅಷ್ಟೇ.

ನಮ್ಮಲ್ಲಿ ಟೀಚರ್ ಆದರೂ ಸರಿ, ತನ್ನ ಮಗುವಿಗಾಗಿ ಬಂದಾಗ ಉಳಿದ ಪಾಲಕರ ಸಾಲಿನಲ್ಲೇ ಕೂರಬೇಕು. ಕಾರಿಡಾರಿನಲ್ಲಿ ಕುರ್ಚಿ ಹಾಕಿದ್ದರು. ನನ್ನ ಪಕ್ಕದಲ್ಲಿದ್ದ ಗಂಡಸಿನ ದೊಡ್ಡ ಮಗ ನನ್ನ ತರಗತಿಯಲ್ಲಿದ್ದಾನೆ. ಹಿಂದಿನ ಸಭೆಯಲ್ಲಿ ಆತನನ್ನು ಚೆನ್ನಾಗಿ ಝಾಡಿಸಿದ್ದೆ. ಆತ ನನ್ನನ್ನು ನೋಡಿ ಕೈ ಮುಗಿದ. ನಾನು ಮೊಬೈಲಿನಲ್ಲಿ ಏನೋ ಓದುವವಳಂತೆ ಕೂತೆ.

ಮಗಳ ಜೊತೆ ಒಳಗೆ ಹೋದಾಗ ಆ ಹುಡುಗಿ ಟೀಚರ್ ಅಭ್ಯಾಸಬಲದಿಂದ ಎದ್ದು ನಿಂತಳು. ಕೂತುಕೊಳ್ಳಮ್ಮ ಅಂದೆ. ನಮ್ಮ ಮಾತೆಲ್ಲ ಮರಾಠಿಯಲ್ಲಿ. ‘ಘರೀ ಲಕ್ಷ ದ್ಯಾ’ ಎಂದು ಅವಳು ಈಗ ಹೇಳುತ್ತಾಳೆ, ಆಗ ಹೇಳುತ್ತಾಳೆ ಎಂದು ಕಾದೆ. ಅವಳು ಹೇಳಲಿಲ್ಲ. ಮಗಳ ಕಡೆ ತಿರುಗಿ, ಮನೆಯಲ್ಲಿ ನಿನಗೆ ಗಣಿತ ಯಾರು ಹೇಳಿಕೊಡುತ್ತಾರೆ ಎಂದು ಮೆಲ್ಲಗೆ ಕೇಳಿದಳು.

“ಯಾರೂ ಇಲ್ಲ ಟೀಚರ್,” ಅಂದಳು ನನ್ನ ಮಗಳು; ಮರಾಠಿ ಮಾತಾಡುವಾಗ ಅವಳಿಗೆ ನಾನು ಆಯಿ. “ಆಯಿಗೆ ಟೈಮ್ ಸಿಗೋದಿಲ್ಲ. ಮನೆಗೆ ಬರೋ ಹೊತ್ತಿಗೆ ಸುಸ್ತಾಗಿರ್ತಾಳೆ.”

ನಾನು ದಂಗಾದೆ. ದಿನಾ ಸಂಜೆ ಅಡುಗೆ ಬದಿಗಿಟ್ಟು ಕೂರುತ್ತಿದ್ದವಳು ನಾನು. ಸ್ವಲ್ಪ ಹೊತ್ತಿನ ಮೇಲೆ ಅರ್ಥವಾಯಿತು. ಅವ್ವನೇ ಕಲಿಸಿದರೂ ಮೂರು ಅಂಕ ಅಂದರೆ ಜನ ಅವ್ವನನ್ನು ಆಡಿಕೊಳ್ಳುತ್ತಾರೆ; ಕಲಿಸಲೇ ಇಲ್ಲ ಅಂದರೆ ಯಾರೂ ಏನೂ ಅನ್ನುವುದಿಲ್ಲ. ಹನ್ನೆರಡು ವರ್ಷದ ಹುಡುಗಿ ನನ್ನ ಮರ್ಯಾದೆ ಕಾಯಲು ಸುಳ್ಳು ಹೇಳುತ್ತಿದ್ದಳು. ಇಲ್ಲ, ನಾನು ಕಲಿಸುತ್ತೇನೆ ಎಂದು ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆ ಸುಳ್ಳಿನ ಮರೆಯಲ್ಲಿ ಹಾಯಾಗಿ ಕೂತೆ. ಇದನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಆ ಟೀಚರ್ ಒಂದು ಹಾಳೆಯ ಮೇಲೆ ಲೆಕ್ಕ ಬರೆದಳು: 20 − 2³ × 2. ಇಪ್ಪತ್ತರಲ್ಲಿ ಎರಡರ ಘಾತ ಮೂರು ಕಳೆಯಬೇಕು, ಆ ಘಾತದ ಮುಂದೆ ಗುಣಿಸು ಎರಡು. ಮಗಳು ಪೆನ್ಸಿಲ್ ಹಿಡಿದಳು. “ಮೊದಲು ಮೈನಸ್...” ಅಂದವಳು ತಡೆದಳು. “ಅಲ್ಲ, ಮೊದಲು ಘಾತ. ಆರು... ಅಲ್ಲಲ್ಲ, ಎಂಟು. ಆಮೇಲೆ ಮೈನಸ್... ಅಲ್ಲ, ಗುಣಾಕಾರ. ಹದಿನಾರು. ಉತ್ತರ ನಾಲ್ಕು.”

“ನೋಡಿದೆಯಾ,” ಅಂದೆ ನಾನು, ಗೆದ್ದವಳಂತೆ. “ಬರುತ್ತೆ ಅವಳಿಗೆ. ಪರೀಕ್ಷೆಯಲ್ಲಿ ನಿರ್ಲಕ್ಷ್ಯ, ಅಷ್ಟೇ. ಹೆಚ್ಚುವರಿ ತರಗತಿ ಏನೂ ಬೇಕಾಗಿಲ್ಲ.”

ಆ ಹುಡುಗಿ ಹಾಳೆಯನ್ನೊಮ್ಮೆ, ನನ್ನ ಮಗಳನ್ನೊಮ್ಮೆ ನೋಡಿದಳು. ಆಮೇಲೆ ಧೈರ್ಯ ಮಾಡಿ ಅಂದಳು: “ಮ್ಯಾಡಮ್, ತಪ್ಪು ತಿಳೀಬೇಡಿ. ಅವಳು ಹಾಳೆ ನೋಡ್ತಾನೇ ಇಲ್ಲ. ನಿಮ್ಮನ್ನು ನೋಡ್ತಿದ್ದಾಳೆ.”

ಹಾಳೆಯ ಮೇಲೆ ಮಗಳು ಒಂದು ಗೆರೆಯನ್ನೂ ಎಳೆದಿರಲಿಲ್ಲ. ನನ್ನ ಹುಬ್ಬು ಇನ್ನೂ ಮೇಲೆಯೇ ಇತ್ತು. ಅದನ್ನು ಇಳಿಸಬೇಕೆಂದು ನನಗೆ ಹೊಳೆದದ್ದೇ ಆಗ. ಊಟದ ಮೇಜಿನ ಮುಂದೆ ಅಷ್ಟೂ ಸಂಜೆ ಅವಳು ಕಲಿತದ್ದು ಭಿನ್ನರಾಶಿಯನ್ನಲ್ಲ, ಘಾತವನ್ನಲ್ಲ, ಯಾವುದು ಮೊದಲು ಯಾವುದು ನಂತರ ಎಂಬುದನ್ನೂ ಅಲ್ಲ. ನನ್ನ ಸಿಟ್ಟು ಯಾವಾಗ ಬರುತ್ತದೆ ಎಂಬುದನ್ನು ಕಲಿತಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಆ ಮುಖ ಇರಲಿಲ್ಲ.

“ಐದು ನಿಮಿಷ ಹೊರಗೆ ಕೂರ್ತೀರಾ ಮ್ಯಾಡಮ್?” ಎಂದು ಅವಳು ಕೇಳಿದಳು. ನನ್ನ ಶಾಲೆಯಲ್ಲಿ, ನಾನೇ ಪಾಠ ಹೇಳುವ ಕೋಣೆಯಿಂದ, ನಾನು ಹೊರಗೆ ಬಂದೆ.

ಖಾಲಿ ಕುರ್ಚಿ ಇರಲಿಲ್ಲ. ನನ್ನ ತರಗತಿಯ ಆ ಹುಡುಗನ ತಂದೆ ಎದ್ದು ನಿಂತು, “ಬಸಾ ಟೀಚರ್,” ಎಂದು ತನ್ನ ಕುರ್ಚಿ ತೋರಿಸಿದ. ಕೂರಿ ಅಂದದ್ದರಲ್ಲಿ ವ್ಯಂಗ್ಯ ಏನೂ ಇರಲಿಲ್ಲ, ಪುಣ್ಯಾತ್ಮ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೇಡ ಎಂದು ಕಿಟಕಿಯ ಪಕ್ಕ ನಿಂತೆ.

ಒಳಗಿನಿಂದ ಇನ್ನೊಂದು ಲೆಕ್ಕ ಕೇಳಿಸಿತು. ಮೂವತ್ತರಲ್ಲಿ ಮೂರರ ಘಾತ ಎರಡು ಕಳೆಯಬೇಕು, ಘಾತದ ಮುಂದೆ ಗುಣಿಸು ಎರಡು. ಪೆನ್ಸಿಲ್ ಓಡುವ ಸದ್ದು ಬರಲಿಲ್ಲ. ಕಿಟಕಿಯೊಳಗೆ ನೋಡಿದರೆ ಮಗಳ ಕಣ್ಣು ಆಗಲೇ ನನ್ನನ್ನು ಹುಡುಕಿ ಹಿಡಿದಿತ್ತು. ಒಂದು ಹುಬ್ಬು ಏರಿಸಿದರೆ ಸಾಕಿತ್ತು, ಲೆಕ್ಕ ಸರಿಯಾಗುತ್ತಿತ್ತು, ಆ ಬೆಂಚು ತಪ್ಪುತ್ತಿತ್ತು, ನನ್ನ ಮಾನ ಉಳಿಯುತ್ತಿತ್ತು.

ನಾನು ಕಿಟಕಿಗೆ ಬೆನ್ನು ಹಾಕಿ ನಿಂತೆ. ಕಾರಿಡಾರಿನಲ್ಲಿ ಕೂತ ಪಾಲಕರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡಲಿ ಬಿಡು ಅಂದುಕೊಂಡೆ.

ಹಿಂದಿನಿಂದ ಪೆನ್ಸಿಲ್ ಹಾಳೆಯ ಮೇಲೆ ಓಡಾಡುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಅವಳ ಸಣ್ಣ ದನಿ: “ಫಾರ್ಟಿ ಟೂ.”

ತಪ್ಪು. ಹನ್ನೆರಡು ಬರಬೇಕು. ಮೊದಲು ಕಳೆದು ಆಮೇಲೆ ಗುಣಿಸಿದ್ದಾಳೆ. ಆದರೆ ಮೂರರ ಘಾತ ಎರಡನ್ನು ಆರು ಅಂದುಕೊಂಡಿದ್ದರೆ ನಲವತ್ತೆಂಟು ಬರುತ್ತಿತ್ತು. ಒಂಬತ್ತು ಎಂದು ಅವಳು ಒಬ್ಬಳೇ ಕಂಡುಕೊಂಡಿದ್ದಳು.

ಹೇಗೆ ಮಾಡಿದೆ, ಹೇಳು ನೋಡೋಣ, ಎಂದು ಆ ಟೀಚರ್ ಕೇಳಿದಳು. ಆ ಪ್ರಶ್ನೆಯನ್ನು ನಾನು ನನ್ನ ಮಗಳಿಗೆ ಎಂದೂ ಕೇಳಿರಲಿಲ್ಲ. ಅವಳು ತಡವರಿಸುತ್ತ ಹೇಳತೊಡಗಿದಳು. ಅವಳು ಹೇಳಿ ಮುಗಿಸುವವರೆಗೂ ನಾನು ತಿರುಗಲಿಲ್ಲ.